ಹರಾಜು ಗೆದ್ದವರ ಸೋಲು: ಎನ್‌ಎಫ್‌ಎಲ್‌ನ ಫ್ರೀ ಏಜೆಂಟ್ ಲೆಕ್ಕ

ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಫುಟ್‌ಬಾಲ್ ಅಂದ್ರೆ ಮೆಸ್ಸಿ, ಛೆಟ್ರಿ ಆಡೋ ಆಟ ಅಲ್ಲ. ಅಮೆರಿಕದವರು ಹೆಲ್ಮೆಟ್ ಹಾಕ್ಕೊಂಡು ಮೊಟ್ಟೆ ಆಕಾರದ ಚೆಂಡಿನಲ್ಲಿ ಆಡುವ ಆಟ. ಅದರ ದೊಡ್ಡ ಲೀಗ್ ಎನ್‌ಎಫ್‌ಎಲ್, ಅದರಲ್ಲಿ 32 ತಂಡಗಳು. ಆಟದ ನಿಯಮ ಗೊತ್ತಿಲ್ಲದಿದ್ದರೂ ಚಿಂತೆ ಇಲ್ಲ. ನಾವು ನೋಡೋದು ದುಡ್ಡಿನ ಲೆಕ್ಕ.

2009ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ತಂಡ ಆಲ್ಬರ್ಟ್ ಹೇನ್ಸ್‌ವರ್ತ್ ಎಂಬ ಆಟಗಾರನ ಜೊತೆ 7 ವರ್ಷಕ್ಕೆ 10 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ 4.1 ಕೋಟಿ ಗ್ಯಾರಂಟಿ ಹಣ. ಹಿಂದಿನ ಎರಡು ವರ್ಷ ಆತ ತನ್ನ ಸ್ಥಾನದಲ್ಲಿ ದೇಶದ ಅತ್ಯುತ್ತಮರಲ್ಲಿ ಒಬ್ಬ. ಆಮೇಲೆ ಏನಾಯ್ತು? ತಂಡ ಆ ವರ್ಷ 16ರಲ್ಲಿ 4 ಪಂದ್ಯ ಗೆದ್ದಿತು, ಮರುವರ್ಷ 6. ಎರಡನೇ ವರ್ಷ ಕೋಚ್ ಜೊತೆ ಜಗಳವಾಗಿ ಅಮಾನತು, 2011ರಲ್ಲಿ ಬೇರೆ ತಂಡಕ್ಕೆ ರವಾನೆ. ಇದನ್ನು ಬರೀ ದುರದೃಷ್ಟ ಅಂತ ಬಿಟ್ಟುಬಿಡಬಹುದು. ಆದರೆ ಈ ಮಾರುಕಟ್ಟೆಯ ರಚನೆಯಲ್ಲೇ ಹೆಚ್ಚು ಬೆಲೆ ಕೊಡಿಸುವ ಗುಣ ಇದೆ ಅನ್ನೋದು ಈ ಲೇಖನದ ವಾದ.

ನಿಯಮ ಏನು?

ಒಪ್ಪಂದ ಮುಗಿದು, ಯಾವ ತಂಡಕ್ಕೆ ಬೇಕಾದರೂ ಹೋಗಬಹುದಾದ ಆಟಗಾರನೇ ಫ್ರೀ ಏಜೆಂಟ್. ಆಟಗಾರರು ಕೋರ್ಟಿನಲ್ಲಿ ವರ್ಷಗಟ್ಟಲೆ ಹೋರಾಡಿದ ಮೇಲೆ 1993ರಲ್ಲಿ ಈ ಸ್ವಾತಂತ್ರ್ಯ ಇವತ್ತಿನ ರೂಪದಲ್ಲಿ ಸಿಕ್ಕಿತು. ಅದಕ್ಕೆ ಬದಲಾಗಿ 1994ರಿಂದ ಸ್ಯಾಲರಿ ಕ್ಯಾಪ್ ಬಂತು. ಅಂದ್ರೆ ಒಂದು ತಂಡ ವರ್ಷಕ್ಕೆ ಇಷ್ಟೇ ಸಂಬಳ ಕೊಡಬಹುದು ಅನ್ನೋ ಮಿತಿ. ಮೊದಲ ವರ್ಷ ಆ ಮಿತಿ 3.46 ಕೋಟಿ ಡಾಲರ್ ಇತ್ತು, 2024ರಲ್ಲಿ 25.54 ಕೋಟಿ. ಐಪಿಎಲ್ ಹರಾಜಿನ ಪರ್ಸ್ ನೆನಪಿಸಿಕೊಂಡರೆ ಸಾಕು, ತತ್ವ ಅದೇ.

ಈ ಮಿತಿ ಇರೋದರಿಂದ, ದುಬಾರಿ ಆಟಗಾರನ ಬೆಲೆಯನ್ನು ಮಾಲೀಕನ ಜೇಬು ಒಂದೇ ಕಟ್ಟಲ್ಲ, ಉಳಿದ ತಂಡವೂ ಕಟ್ಟುತ್ತೆ. ಒಂದು ತಂಡದಲ್ಲಿ 53 ಜನ. ಒಬ್ಬನಿಗೆ 50 ಲಕ್ಷ ಡಾಲರ್ ಜಾಸ್ತಿ ಕೊಟ್ಟರೆ, ಆ 50 ಲಕ್ಷಕ್ಕೆ ಬರಬಹುದಾಗಿದ್ದ ಇನ್ನಿಬ್ಬರು ಒಳ್ಳೆ ಆಟಗಾರರು ಬರಲ್ಲ.

ಎಣ್ಣೆ ಬಾವಿಯ ಪಾಠ

1971ರಲ್ಲಿ ಅಟ್ಲಾಂಟಿಕ್ ರಿಚ್‌ಫೀಲ್ಡ್ ಎಂಬ ತೈಲ ಕಂಪನಿಯ ಮೂವರು ಎಂಜಿನಿಯರ್‌ಗಳು, ಕೇಪನ್, ಕ್ಲಾಪ್ ಮತ್ತು ಕ್ಯಾಂಪ್‌ಬೆಲ್, ಒಂದು ಪ್ರಬಂಧ ಬರೆದರು. ಮೆಕ್ಸಿಕೋ ಕೊಲ್ಲಿಯಲ್ಲಿ ತೈಲದ ಜಾಗಗಳನ್ನು ಹರಾಜಿನಲ್ಲಿ ಗೆದ್ದ ಕಂಪನಿಗಳಿಗೆ ಅಂದುಕೊಂಡಷ್ಟು ಲಾಭ ಯಾಕೆ ಬರ್ತಿಲ್ಲ ಅನ್ನೋದು ಅವರ ಪ್ರಶ್ನೆ. ಉತ್ತರ ಸರಳ. ಕೆಳಗೆ ಎಷ್ಟು ಎಣ್ಣೆ ಇದೆ ಅಂತ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಎಲ್ಲರೂ ಅಂದಾಜು ಮಾಡ್ತಾರೆ, ಅತಿ ಹೆಚ್ಚು ಅಂದಾಜು ಮಾಡಿದವನು ಗೆಲ್ಲುತ್ತಾನೆ. ಹಾಗಾಗಿ ಅತಿ ದೊಡ್ಡ ತಪ್ಪು ಮಾಡಿದವನೇ ಗೆಲ್ಲುವ ಸಾಧ್ಯತೆ ಹೆಚ್ಚು. ಇದನ್ನೇ ಅರ್ಥಶಾಸ್ತ್ರದಲ್ಲಿ ಗೆದ್ದವನ ಶಾಪ ಅಂತಾರೆ.

ಆಟಗಾರನಿಗೆ ಇದನ್ನೇ ಅನ್ವಯಿಸೋಣ. ಅವನ ನಿಜವಾದ ಮೌಲ್ಯ ವರ್ಷಕ್ಕೆ 1 ಕೋಟಿ ಡಾಲರ್ ಅಂತ ಇಟ್ಕೊಳ್ಳಿ. 8 ತಂಡಗಳು ಬೇರೆ ಬೇರೆಯಾಗಿ ಅಂದಾಜು ಮಾಡ್ತವೆ. ಸರಾಸರಿ ಸರಿಯಾಗೇ ಇದೆ, ಆದರೆ ಸ್ಟ್ಯಾಂಡರ್ಡ್ ಡೀವಿಯೇಷನ್ 20 ಲಕ್ಷ, ಹಂಚಿಕೆ ನಾರ್ಮಲ್. ಆಗ 8ರಲ್ಲಿ ಅತಿ ದೊಡ್ಡ ಅಂದಾಜು ಸರಾಸರಿ 1 ಕೋಟಿ 28 ಲಕ್ಷ ಆಗುತ್ತೆ. ಪೈಪೋಟಿಯಲ್ಲಿ ಎರಡನೆಯವನು ಕೈಬಿಟ್ಟ ಕೂಡಲೇ ಬೆಲೆ ನಿಲ್ಲುತ್ತೆ ಅಂದುಕೊಂಡರೂ ಅದು ಸುಮಾರು 1 ಕೋಟಿ 17 ಲಕ್ಷಕ್ಕೆ ಬಂದಿರುತ್ತೆ. ಯಾರೂ ದಡ್ಡರಲ್ಲ, ಯಾರೂ ಮೋಸ ಮಾಡಿಲ್ಲ. ಆದರೂ 17 ಲಕ್ಷ ಜಾಸ್ತಿ.

ಪೈಥಾನ್‌ನಲ್ಲಿ ಹತ್ತು ಸಾಲು ಬರೆದು ನೀವೇ ಪರೀಕ್ಷಿಸಿ. 8ರ ಬದಲು 3 ಹಾಕಿದರೆ ಎರಡನೇ ಅಂದಾಜಿನ ಸರಾಸರಿ ಸರಿಯಾಗಿ 1 ಕೋಟಿಗೆ ಬರುತ್ತೆ. 2 ಹಾಕಿದರೆ 89 ಲಕ್ಷಕ್ಕೆ ಇಳಿಯುತ್ತೆ! ಅಂದ್ರೆ ಅಪಾಯ ಇರೋದು ಗುಂಪಿನಲ್ಲಿ. ಎಲ್ಲರೂ ಮುಗಿಬಿದ್ದ ಕಡೆ ಸೋವಿ ಸಿಗಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಆಟಗಾರನ ಮೊಣಕಾಲು, ಅಭ್ಯಾಸ, ಶಿಸ್ತು, ಇವೆಲ್ಲ ಚೆನ್ನಾಗಿ ಗೊತ್ತಿರೋದು ಹಳೆಯ ತಂಡಕ್ಕೆ. ಆ ತಂಡವೇ ಅವನನ್ನು ಬಿಡ್ತಿದೆ ಅಂದ್ರೆ ಕಾರಣ ಏನು ಅಂತ ಕೇಳಲೇಬೇಕು. ಕೆಲವೊಮ್ಮೆ ಅದಕ್ಕೆ ದುಡ್ಡಿಲ್ಲ ಅಷ್ಟೇ. ಕೆಲವೊಮ್ಮೆ ನಮಗೆ ಗೊತ್ತಿಲ್ಲದ್ದು ಅದಕ್ಕೆ ಗೊತ್ತು. ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳುವಾಗ ನಾವು ಅನುಮಾನ ಪಡಲ್ವಾ, ಹಾಗೆ.

ಹೋದ ಮೇಲೂ ಬಿಡದ ಸಾಲ

ಒಪ್ಪಂದಕ್ಕೆ ಸಹಿ ಹಾಕುವಾಗ ಕೊಡುವ ಬೋನಸ್ ಆಟಗಾರನ ಕೈಗೆ ಬೇಗ ಸೇರುತ್ತೆ, ಆದರೆ ಕ್ಯಾಪ್ ಲೆಕ್ಕದಲ್ಲಿ ಅದನ್ನು ಗರಿಷ್ಠ 5 ವರ್ಷಕ್ಕೆ ಹಂಚಬಹುದು. 5 ಕೋಟಿ ಬೋನಸ್ ಅಂದ್ರೆ ವರ್ಷಕ್ಕೆ 1 ಕೋಟಿ. ಎರಡು ವರ್ಷದ ಮೇಲೆ ಅವನನ್ನು ತೆಗೆದುಹಾಕಿದರೆ ಉಳಿದ 3 ಕೋಟಿ ಕ್ಯಾಪ್ ಮೇಲೆ ಬೀಳುತ್ತೆ. ಮೈದಾನದಲ್ಲಿ ಆಳಿಲ್ಲ, ಲೆಕ್ಕದಲ್ಲಿ ಇದ್ದಾನೆ. ಇದಕ್ಕೆ ಡೆಡ್ ಮನಿ ಅಂತ ಹೆಸರು. ರಸೆಲ್ ವಿಲ್ಸನ್ ಡೆನ್ವರ್‌ಗೆ ಬಂದಿದ್ದು ಫ್ರೀ ಏಜೆಂಟ್ ಆಗಿ ಅಲ್ಲ, ವಿನಿಮಯದಲ್ಲಿ. ಆದರೂ ಈ ಲೆಕ್ಕದ ಭಾರಕ್ಕೆ ಅವನೇ ದೊಡ್ಡ ಉದಾಹರಣೆ. 2024ರಲ್ಲಿ ಅವನನ್ನು ಬಿಟ್ಟಾಗ ಡೆನ್ವರ್ ತಲೆ ಮೇಲೆ ಎರಡು ವರ್ಷಕ್ಕೆ ಹಂಚಿ 8.5 ಕೋಟಿ ಡಾಲರ್ ಡೆಡ್ ಮನಿ ಕೂತಿತು.

ಇದೇ ವಿಲ್ಸನ್ ಕಥೆಯ ಇನ್ನೊಂದು ಮುಖವನ್ನೂ ನೋಡಿ. 2012ರಲ್ಲಿ ಸಿಯಾಟಲ್ ಅವನನ್ನು ಡ್ರಾಫ್ಟ್‌ನ, ಅಂದ್ರೆ ಹೊಸ ಹುಡುಗರ ಆಯ್ಕೆಯ, 3ನೇ ಸುತ್ತಿನಲ್ಲಿ ತಗೊಂಡಿತು. 4 ವರ್ಷಕ್ಕೆ ಒಟ್ಟು ಸುಮಾರು 30 ಲಕ್ಷ ಡಾಲರ್. ಹೀಗೆ ಉಳಿದ ದುಡ್ಡಿನಲ್ಲಿ 2013ರಲ್ಲಿ ಮೈಕಲ್ ಬೆನೆಟ್, ಕ್ಲಿಫ್ ಏವ್ರಿಲ್ ಎಂಬ ಇಬ್ಬರು ಫ್ರೀ ಏಜೆಂಟ್‌ಗಳನ್ನು ಚಿಕ್ಕ ಅವಧಿಗೆ, ಮಧ್ಯಮ ಬೆಲೆಗೆ ತಂದರು. 2014ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದರು.

ಸುಮ್ಮನಿದ್ದವರಿಗೂ ಬಹುಮಾನ ಇದೆ. ಸಹಿ ಹಾಕಿಸಿಕೊಂಡದ್ದಕ್ಕಿಂತ ಹೆಚ್ಚು ಫ್ರೀ ಏಜೆಂಟ್‌ಗಳನ್ನು ಕಳೆದುಕೊಂಡ ತಂಡಕ್ಕೆ ಲೀಗ್ ಮುಂದಿನ ಡ್ರಾಫ್ಟ್‌ನಲ್ಲಿ ಹೆಚ್ಚುವರಿ ಆಯ್ಕೆ ಕೊಡುತ್ತೆ. 2000ದಲ್ಲಿ ನ್ಯೂ ಇಂಗ್ಲೆಂಡ್ ಟಾಮ್ ಬ್ರೇಡಿಯನ್ನು ಆರಿಸಿದ 199ನೇ ಆಯ್ಕೆ ಇಂಥದ್ದೇ ಒಂದು ಪರಿಹಾರದ ಆಯ್ಕೆ.

ಹಾಗಾದ್ರೆ ಕೊಳ್ಳಲೇಬಾರದಾ?

ಹಾಗೇನಿಲ್ಲ. 1993ರಲ್ಲಿ ಗ್ರೀನ್ ಬೇ ತಂಡ ರೆಗ್ಗಿ ವೈಟ್‌ಗೆ 4 ವರ್ಷಕ್ಕೆ 1.7 ಕೋಟಿ ಕೊಟ್ಟಿತು, ನಾಲ್ಕನೇ ಸೀಸನ್‌ನಲ್ಲಿ ಸೂಪರ್ ಬೌಲ್ ಗೆದ್ದಿತು. ವ್ಯತ್ಯಾಸ ಎಲ್ಲಿದೆ ಅಂತ ನೋಡೋಕೆ ಒಂದೇ ತಂಡದ ಎರಡು ಬೇಸಿಗೆ ಸಾಕು.

2011ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಒಂದೇ ಸಲ ಹಲವು ದೊಡ್ಡ ಹೆಸರುಗಳನ್ನು ತಂದಿತು. ನಮ್ಡಿ ಆಸಮ್ವಾ ಒಬ್ಬನಿಗೇ 5 ವರ್ಷಕ್ಕೆ 6 ಕೋಟಿ ಡಾಲರ್ ಒಪ್ಪಂದ. ಹೊಸದಾಗಿ ಬಂದ ವಿನ್ಸ್ ಯಂಗ್ ಇದನ್ನು ಡ್ರೀಮ್ ಟೀಮ್ ಅಂದ. ಫಲಿತಾಂಶ 8 ಗೆಲುವು, 8 ಸೋಲು. ಮರುವರ್ಷ 4 ಗೆಲುವು, 12 ಸೋಲು. ಕೋಚ್ ಆಂಡಿ ರೀಡ್ ಕೆಲಸ ಹೋಯ್ತು, ಆಸಮ್ವಾನನ್ನೂ ಬಿಟ್ಟರು. ಅದೇ ರೀಡ್ ಆಮೇಲೆ ಕನ್ಸಾಸ್ ಸಿಟಿಯಲ್ಲಿ ಮೂರು ಸೂಪರ್ ಬೌಲ್ ಗೆದ್ದರು. ಹಾಗಾಗಿ ತಪ್ಪನ್ನೆಲ್ಲ ಕೋಚ್ ಮೇಲೆ ಹಾಕೋಕೂ ಆಗಲ್ಲ.

2024ರಲ್ಲಿ ಇದೇ ಈಗಲ್ಸ್ ಸೇಕ್ವಾನ್ ಬಾರ್ಕ್ಲಿಯನ್ನು 3 ವರ್ಷಕ್ಕೆ 3.775 ಕೋಟಿಗೆ ತಂದಿತು. ಆತ ಆ ಸೀಸನ್‌ನಲ್ಲಿ 2005 ಯಾರ್ಡ್ ಓಡಿದ, ತಂಡ ಸೂಪರ್ ಬೌಲ್ ಗೆದ್ದಿತು. ಆ ಹೊತ್ತಿಗೆ ಓಟಗಾರರಿಗೆ ದೊಡ್ಡ ಬೆಲೆ ಕೊಡೋದು ದಂಡ ಅಂತ ಬಹುತೇಕ ತಂಡಗಳು ತೀರ್ಮಾನಿಸಿದ್ದವು, ಅಂದ್ರೆ ಹರಾಜಿನಲ್ಲಿ ಗುಂಪಿರಲಿಲ್ಲ. ಓಟಕ್ಕೆ ದಾರಿ ಮಾಡಿಕೊಡುವ ಮುಂದಿನ ಸಾಲು ಹೆಚ್ಚಾಗಿ ತಂಡದಲ್ಲೇ ಬೆಳೆದ ಹುಡುಗರದ್ದು. ಅವನು ಬಂದಿದ್ದು ಕಟ್ಟಿ ಮುಗಿದ ಮನೆಗೆ, ಅಡಿಪಾಯ ಹಾಕೋಕೆ ಅಲ್ಲ.

ಈ ವಾದ ಆಟಗಾರರ ವಿರುದ್ಧ ಅಂತ ದಯವಿಟ್ಟು ತಿಳ್ಕೋಬೇಡಿ. ಒಂದು ಗಾಯಕ್ಕೆ ವೃತ್ತಿಯೇ ಮುಗಿಯಬಹುದಾದ ಆಟದಲ್ಲಿ ಸಿಕ್ಕಷ್ಟು ಕೇಳೋದು ಅವರ ಹಕ್ಕು, ಹೋರಾಡಿ ಪಡೆದ ಹಕ್ಕು. ಲೆಕ್ಕ ತಪ್ಪಿದರೆ ಅದು ಕೊಳ್ಳುವವನ ತಪ್ಪು. ಆ ತಪ್ಪಿನ ಬೆಲೆ ತೆರೋದು ಮಾತ್ರ ಅದೇ ತಂಡದ ಮಧ್ಯಮ ಸಂಬಳದ ಆಟಗಾರ. ಮುಂದಿನ ವರ್ಷ ಕ್ಯಾಪ್ ಸರಿದೂಗಿಸಲು ಮೊದಲು ಹೊರಗೆ ಹೋಗೋದು ಅವನೇ.

ಆದ್ದರಿಂದ ಸಹಿ ಹಾಕಿಸುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಇವನಿಗಾಗಿ ಇನ್ನೆಷ್ಟು ಜನ ಕೂಗ್ತಿದ್ದಾರೆ? ಹಳೆಯ ತಂಡ ಯಾಕೆ ಬಿಡ್ತಿದೆ? ಎರಡು ವರ್ಷದಲ್ಲಿ ಕೈಕೊಟ್ಟರೆ ಕ್ಯಾಪ್ ಮೇಲೆ ಎಷ್ಟು ಉಳಿಯುತ್ತೆ? ಮೂರಕ್ಕೂ ಉತ್ತರ ಸಿಕ್ಕ ಮೇಲೆ ಬೆಲೆ ಬರೆದಿಟ್ಟು, ಅದನ್ನು ದಾಟಿದ ಕೂಡಲೇ ಎದ್ದು ಬರಬೇಕು.