ಬೂದಿ ಸಿಮೆಂಟಿಗೆ ಹತ್ತು ದಿನ ನೀರು

ನಮ್ಮ ಮನೆಯ ತಾರಸಿಗೆ ತಂದ ಸಿಮೆಂಟ್ ಚೀಲದ ಮೇಲೆ ‘ಪಿಪಿಸಿ’ ಎಂದಿತ್ತು. "ಇದರಲ್ಲಿ ಬೂದಿ ಉಂಟು, ಗಟ್ಟಿ ಬರುವುದಿಲ್ಲ" ಎಂದರು ಮೇಸ್ತ್ರಿ. ತಂದೆ ನನ್ನ ಮುಖ ನೋಡಿದರು.

ಸಿಮೆಂಟ್ ತಯಾರಿಸಲು ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡಬೇಕು. ಉರುವಲಿನಿಂದ ಮಾತ್ರವಲ್ಲ, ಆ ಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಪಿಪಿಸಿಯಲ್ಲಿ ಶೇ. 15ರಿಂದ 35ರಷ್ಟು ಹಾರುಬೂದಿ. ಉಡುಪಿ ಜಿಲ್ಲೆಯ ಎಲ್ಲೂರಿನಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಲ್ಲಿ ಉಳಿಯುವಂಥದ್ದು. ಸಿಮೆಂಟ್ ನೀರಿನೊಡನೆ ಸೇರಿದಾಗ ಬಿಡುವ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಜೊತೆ ಬೂದಿಯ ಸಿಲಿಕಾ ವರ್ತಿಸಿ ಇನ್ನಷ್ಟು ಅಂಟು ಹುಟ್ಟುತ್ತದೆ, ಆದರೆ ನಿಧಾನವಾಗಿ. ಆದ್ದರಿಂದ ಐಎಸ್ 456 ಪ್ರಕಾರ ಏಳಲ್ಲ, ಕನಿಷ್ಠ 10 ದಿನ ಕ್ಯೂರಿಂಗ್ ಬೇಕು. ಬೇಗ ನೀರು ನಿಲ್ಲಿಸಿದ ಕಡೆ ಮೇಸ್ತ್ರಿಯ ಮಾತೇ ಸರಿ!

ನೇತ್ರಾವತಿಯ ಹೊಯಿಗೆಯ ಬದಲು ಎಂ-ಸ್ಯಾಂಡ್ ಹಾಕಿದೆವು. ಅದರಲ್ಲಿ ಕಲ್ಲಿನ ಪುಡಿ ಜಾಸ್ತಿಯಾದರೆ ಹೆಚ್ಚು ನೀರು ಕೇಳುತ್ತದೆ.

ಇಂದು ಎಂಟನೇ ದಿನ. ಸಂಜೆ ಪೈಪ್ ಹಿಡಿಯುವ ಸರದಿ ನನ್ನದು.