ಮೋಟಾರ್‌ಸೈಕಲ್ಲಿನ ಮೇಲೆ ಮಕ್ಕಳನ್ನು ಕರೆದೊಯ್ಯುವ ವಿಷಯ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ಸೀಮೆಯಲ್ಲಿ ಮೋಟಾರ್‌ಸೈಕಲ್ಲು ಈಗ ರೈತನ ಎತ್ತಿನಂತೆಯೂ ನೇಕಾರನ ಮಗ್ಗದಂತೆಯೂ ಮನೆಯ ಬಾಳಿಗೆ ಬೇಕಾದ ವಸ್ತುವಾಗಿರುವದು. ಹೊಲಕ್ಕೆ, ಸಂತೆಗೆ, ದವಾಖಾನೆಗೆ, ಜಾತ್ರೆಗೆ ಎಲ್ಲದಕ್ಕೂ ಅದೇ ಸಾಧನವು. ಹಿಂದಕ್ಕೆ ಇಡೀ ಕುಟುಂಬವು ಒಂದೇ ಚಕ್ಕಡಿಯಲ್ಲಿ ಕುಳಿತು ಹೋಗುತ್ತಿದ್ದಿತು. ಆ ರೂಢಿಯನ್ನೇ ಜನರು ಇದಕ್ಕೂ ತಂದಿರುವರು. ಟಾಕಿಯ ಮೇಲೆ ಒಂದು ಮಗು, ತಂದೆಯ ಬೆನ್ನಿಗೆ ಇನ್ನೊಂದು, ಅದರ ಹಿಂದೆ ಒಂದೇ ಮಗ್ಗುಲಾಗಿ ಕುಳಿತ ತಾಯಿ, ಅವಳ ತೊಡೆಯ ಮೇಲೆ ಕೂಸು. ಚಕ್ಕಡಿಗೂ ಗಾಲಿಗಳು ಎರಡೇ ಎಂಬದು ನಿಜ. ಆದರೆ ಅದು ಎತ್ತಿನ ನಡಿಗೆಯಲ್ಲಿ ಹೋಗುವದು, ನಿಂತರೆ ಬೀಳುವದಿಲ್ಲ. ಈ ಭೇದವನ್ನು ಚೆನ್ನಾಗಿ ತಿಳಿದುಕೊಳ್ಳುವದೇ ಈ ಪಾಠದ ಉದ್ದೇಶವು.

ವೇಗದ ಬಲ

ಓಡುವ ಗಾಡಿಯ ಮೇಲಿಂದ ಮುಗ್ಗರಿಸಿ ಎದುರಿನ ವಸ್ತುವಿಗೆ ಬಡಿಯುವದೂ ಎತ್ತರದಿಂದ ನೆಲಕ್ಕೆ ಬೀಳುವದೂ ಒಂದೇ ಲೆಕ್ಕಕ್ಕೆ ಒಳಪಟ್ಟಿರುವವು. ಗಂಟೆಗೆ 20 ಕಿಲೋಮೀಟರ್ ವೇಗದ ಪೆಟ್ಟು ಸುಮಾರು 5 ಅಡಿ ಎತ್ತರದಿಂದ ಬಿದ್ದ ಪೆಟ್ಟಿಗೆ ಸಮ. ವೇಗವು 40 ಆದರೆ ಆ ಎತ್ತರವು ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುವದು. ಅಂದರೆ ಸುಮಾರು 21 ಅಡಿ. ಎರಡು ಅಂತಸ್ತಿನ ಮಾಳಿಗೆಯ ಅಂಚಿನಲ್ಲಿ ಯಾವ ತಾಯಿಯು ಕೂಸನ್ನು ಕೂಡ್ರಿಸುವಳು?

“ನಾನು ಗಟ್ಟಿಯಾಗಿ ಹಿಡಿದಿರುವೆನಲ್ಲಾ” ಎಂದು ತಾಯಂದಿರು ಹೇಳುವದುಂಟು. 40 ಕಿಲೋಮೀಟರ್ ವೇಗದ ಗಾಡಿಯು ಯಾವುದಕ್ಕಾದರೂ ತಗಲಿ ಒಂದು ಮೀಟರಿನೊಳಗೆ ನಿಂತಿತೆನ್ನಿರಿ. ಆ ಕ್ಷಣದಲ್ಲಿ 10 ಕಿಲೋ ತೂಕದ ಕೂಸು 60 ಕಿಲೋಕ್ಕೂ ಮಿಕ್ಕಿದ ಚೀಲದಷ್ಟು ಬಲದಿಂದ ಮುಂದಕ್ಕೆ ಸೆಳೆಯುವದು. ಆಗ ತಾಯಿಯೂ ಮುಂದಕ್ಕೆ ಎಸೆಯಲ್ಪಡುತ್ತಿರುವಳು. ಪ್ರೀತಿಯಲ್ಲಿ ಕೊರತೆ ಇಲ್ಲದಿದ್ದರೂ ತೋಳಿನ ಶಕ್ತಿಗೆ ಮಿತಿಯುಂಟು.

ಮಗುವಿನ ದೇಹ

ಹುಟ್ಟಿದ ಕೂಸಿನ ತಲೆಯು ಅದರ ಉದ್ದದ ಸುಮಾರು ನಾಲ್ಕರಲ್ಲೊಂದು ಪಾಲು. ಬೆಳೆದವರಲ್ಲಿಯಾದರೋ ಸುಮಾರು ಎಂಟರಲ್ಲೊಂದು ಪಾಲು ಮಾತ್ರ. ಆದಕಾರಣ ಚಿಕ್ಕ ಮಗು ಬೀಳುವಾಗ ತಲೆಯೇ ಮುಂದಾಗಿ ಬೀಳುವದು. ಕತ್ತಿನ ಸ್ನಾಯುಗಳಿಗೆ ಅದನ್ನು ತಡೆಯುವ ಬಲವಿರುವದಿಲ್ಲ. ಕಾಲುಗಳು ಮೆಟ್ಟಿಗೆ ಎಟಕದೆ ತೂಗಾಡುವವು. ಹಿಂಗಾಲಿಯ ಕಡ್ಡಿಗಳೊಳಗೆ ಹಿಮ್ಮಡಿಯು ಸಿಕ್ಕುವದೂ ಕಾದ ಸೈಲೆನ್ಸರಿಗೆ ತಗಲಿ ಸುಡುವದೂ ಇದರಿಂದಲೇ. ಗಾಳಿ ಬೀಸಿದೊಡನೆ ಮಗು ನಿದ್ದೆಹೋಗುವದು, ಹಿಡಿತವು ಸಡಿಲಾಗುವದು. ಟಾಕಿಯ ಮೇಲೆ ಕೂಡ್ರಿಸಿದ ಮಗು ಕಣ್ಣೆದುರಿಗಿರುವದರಿಂದ ಸುರಕ್ಷಿತವೆಂದು ತಂದೆಯು ಎಣಿಸುವನು. ಆದರೆ ಡಿಕ್ಕಿಯಾದರೆ ಅದು ಹ್ಯಾಂಡಲಿಗೂ ತಂದೆಯ ಎದೆಗೂ ನಡುವೆ ಸಿಕ್ಕಿ ಜಜ್ಜಿಹೋಗುವದು.

ಕಾಯಿದೆಯ ಮಾತು

1988ರ ಮೋಟಾರು ವಾಹನ ಕಾಯಿದೆಯ 128ನೆಯ ಕಲಮಿನ ಪ್ರಕಾರ ಸವಾರನು ತನ್ನ ಹೊರತು ಒಬ್ಬರನ್ನು ಮಾತ್ರ, ಅದೂ ತನ್ನ ಹಿಂದೆ ಭದ್ರಪಡಿಸಿದ ಆಸನದ ಮೇಲೆ, ಕರೆದೊಯ್ಯಬಹುದು. 129ನೆಯ ಕಲಮಿನಂತೆ ನಾಲ್ಕು ವರ್ಷ ಮೀರಿದ ಮಗುವಿಗೂ ಹೆಲ್ಮೆಟ್ ಕಡ್ಡಾಯವಾಗಿರುವದು. 2022ರ ಫೆಬ್ರವರಿ 15ರಂದು ಪ್ರಕಟವಾಗಿ ಒಂದು ವರ್ಷದ ತರುವಾಯ ಜಾರಿಗೆ ಬಂದ ನಿಯಮವು ನಾಲ್ಕು ವರ್ಷದೊಳಗಿನವರ ಸಲುವಾಗಿ ಮೂರು ಸಂಗತಿಗಳನ್ನು ವಿಧಿಸಿರುವದು. ಮೊದಲನೆಯದು, ಮಗುವಿಗೆ ತೊಡಿಸಿ ಸವಾರನ ಹೆಗಲಿಗೆ ಬಿಗಿಯುವ ರಕ್ಷಣಾ ಪಟ್ಟಿ. ಅದು 30 ಕಿಲೋ ತೂಕವನ್ನು ತಾಳುವಂಥದಾಗಿರಬೇಕು. ಎರಡನೆಯದು, 9 ತಿಂಗಳಿಂದ ಮೇಲ್ಪಟ್ಟ ಮಗುವಿನ ತಲೆಗೆ ಸರಿಹೊಂದುವ ಹೆಲ್ಮೆಟ್. ಮೂರನೆಯದು, 40 ಕಿಲೋಮೀಟರಿಗೆ ಮಿಕ್ಕದ ವೇಗ.

ತಂದೆತಾಯಿಗಳ ನಡುವೆ ಚಿಕ್ಕ ಮಗುವೊಂದಕ್ಕೆ ಅನುಮತಿ ಬೇಕೆಂದು 2023ರಲ್ಲಿ ಕೇರಳ ಸರಕಾರವು ಕೇಂದ್ರವನ್ನು ಬೇಡಿಕೊಂಡಿತು, ಒಪ್ಪಿಗೆ ದೊರೆಯಲಿಲ್ಲ. ಈ ಬಿಗಿತನವು ಕ್ರೂರವೆಂದು ತೋರಬಹುದು. ಆದರೆ 2022ರಲ್ಲಿ ಭರತಖಂಡದ ರಸ್ತೆಗಳ ಮೇಲೆ ಮಡಿದ 1,68,491 ಜನರಲ್ಲಿ 74,897 ಜನರು ದ್ವಿಚಕ್ರ ವಾಹನಗಳ ಮೇಲಿದ್ದವರೇ. ಹೆಲ್ಮೆಟ್ಟಿನಿಂದ ತಲೆಯ ಗಾಯದ ಅಪಾಯವು ನೂರಕ್ಕೆ 69ರಷ್ಟೂ ಮರಣದ ಅಪಾಯವು ನೂರಕ್ಕೆ 42ರಷ್ಟೂ ತಗ್ಗುವದೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಪಂಡಿತರು ತೋರಿಸಿಕೊಟ್ಟಿರುವರು.

ನಮ್ಮ ಸೀಮೆಯ ಹಾದಿಗಳು

ಕೃಷ್ಣೆಯೂ ಘಟಪ್ರಭೆಯೂ ಹರಿಯುವ ಈ ನೆಲವು ಕಬ್ಬಿನ ನಾಡು. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು ಹಗಲಿರುಳು ಕಾರ್ಖಾನೆಯ ಕಡೆಗೆ ಸಾಗುವವು. ಹೇರು ಹಾದಿಯ ಅಗಲಕ್ಕೆ ಚಾಚಿಕೊಂಡಿರುವದು. ಎಷ್ಟೋ ಟ್ರೇಲರುಗಳಿಗೆ ಹಿಂದೆ ದೀಪವಿರುವದಿಲ್ಲ. ಉದುರಿದ ಕಬ್ಬಿನ ಮೇಲೆ ಗಾಲಿ ಜಾರುವದು. ಮಳೆಗಾಲದಲ್ಲಿ ಹೊಲದಿಂದ ಟ್ರ್ಯಾಕ್ಟರಿನ ಗಾಲಿಗೆ ಅಂಟಿ ಬಂದ ಎರೆಮಣ್ಣು ಡಾಂಬರಿನ ಮೇಲೆ ಎಣ್ಣೆಯಂತಾಗುವದು. ಇಂಥ ಹಾದಿಯಲ್ಲಿ ರಾತ್ರಿ ಜಾತ್ರೆಯಿಂದ ಹಿಂದಿರುಗುವ ಗಾಡಿಯ ಮೇಲೆ ಐದು ಜೀವಗಳಿದ್ದರೆ ಸವಾರನ ಕೈಯಲ್ಲಿ ಉಳಿಯುವ ಉಪಾಯವಾದರೂ ಏನು?

ಮಾಡತಕ್ಕದ್ದು

ಎರಡು ಕಾಲುಗಳನ್ನೂ ಮೆಟ್ಟಿನ ಮೇಲೆ ಊರಿ, ಎರಡು ಕೈಗಳಿಂದಲೂ ಹಿಡಿದು ಕೂಡ್ರುವಷ್ಟು ಬೆಳೆದ ಮಗುವನ್ನು ಹಿಂದಿನ ಆಸನದ ಮೇಲೆ ಒಬ್ಬರನ್ನೇ ಕರೆದೊಯ್ಯತಕ್ಕದ್ದು. ಹೆಲ್ಮೆಟ್ ಮಗುವಿನ ಅಳತೆಯದೇ ಆಗಿರಲಿ, ಅದರ ಮೇಲೆ ಐ.ಎಸ್.ಐ. ಗುರುತಿರಲಿ, ಗದ್ದದ ಪಟ್ಟಿ ಬಿಗಿದಿರಲಿ. ದೊಡ್ಡವರ ಹೆಲ್ಮೆಟ್ ಚಿಕ್ಕ ತಲೆಯ ಮೇಲೆ ಇದ್ದೂ ಇಲ್ಲದಂತೆ. ಸೆರಗು, ದುಪಟ್ಟಾಗಳನ್ನು ಒಳಗೆ ಸಿಕ್ಕಿಸಿಕೊಳ್ಳಿರಿ. ಹಿಂಗಾಲಿಯ ಸೀರೆ ಗಾರ್ಡನ್ನು ತೆಗೆಯಿಸಬೇಡಿರಿ. 9 ತಿಂಗಳಿನೊಳಗಿನ ಕೂಸನ್ನು ಗಾಡಿಗೆ ಹತ್ತಿಸದಿರುವದೇ ಲೇಸು.

“ಇಷ್ಟೆಲ್ಲಾ ಬಡವರಿಗೆ ಹೇಗೆ ಸಾಧ್ಯ?” ಎಂಬ ಪ್ರಶ್ನೆಯು ನ್ಯಾಯವಾದದ್ದೇ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸ್ತ್ರೀಯರಿಗೂ ಬಾಲಕಿಯರಿಗೂ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲ. ತಂದೆಯು ಗಾಡಿಯ ಮೇಲೆ ಮುಂದೆ ಹೋಗಲಿ. ತಾಯಿಯು ಕೂಸಿನೊಡನೆ ಬಸ್ಸಿನಲ್ಲಿ ಬರಲಿ. ಬಸ್ಸು ಬಾರದ ಹಳ್ಳಿಯಾದರೆ ಎರಡು ಸಲ ಹೋಗಿ ಬರುವದು. ಅರ್ಧ ತಾಸು ತಡವಾದೀತು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ಸುಮ್ಮನೆ ಹುಟ್ಟಿದ್ದಲ್ಲ.

ವಿದ್ಯಾರ್ಥಿನಿಯರೇ, ತಮ್ಮ ತಂಗಿಯರನ್ನು ಎತ್ತಿ ಆಡಿಸುವವರು ನೀವು. ಮುಂದೆ ಮನೆಗಳನ್ನು ನಡಿಸತಕ್ಕವರೂ ನೀವೇ. ಹೊರಡುವ ಗಡಿಬಿಡಿಯಲ್ಲಿ “ಅಪ್ಪಾ, ತಮ್ಮನ ಹೆಲ್ಮೆಟ್ ಎಲ್ಲಿ?” ಎಂದು ನೀವು ವಿನಯದಿಂದ ಕೇಳಿದರೆ ಯಾವ ತಂದೆಯೂ ಸಿಟ್ಟಾಗಲಾರನು. ಮಗು ಸಾಮಾನಿನ ಗಂಟಲ್ಲ, ಅದೂ ಒಬ್ಬ ಪ್ರಯಾಣಿಕನು. ತನಗೆ ಬೇಕಾದದ್ದನ್ನು ಕೇಳಲು ಅದಕ್ಕೆ ಬಾರದಾದ್ದರಿಂದ ಅದರ ಪರವಾಗಿ ನಾವು ಕೇಳತಕ್ಕದ್ದು.

ಅಭ್ಯಾಸ

1. ವೇಗವು 20ರಿಂದ 60ಕ್ಕೆ ಏರಿದರೆ ಬಿದ್ದ ಪೆಟ್ಟಿನ ಎತ್ತರವು ಎಷ್ಟು ಪಟ್ಟಾಗುವದು?
2. ಟಾಕಿಯ ಮೇಲೆ ಮಗುವನ್ನು ಯಾಕೆ ಕೂಡ್ರಿಸಬಾರದು?
3. ನಿಮ್ಮ ಮನೆಯಲ್ಲಿ ಹೆಲ್ಮೆಟ್ಟುಗಳೆಷ್ಟು, ಗಾಡಿ ಹತ್ತುವ ತಲೆಗಳೆಷ್ಟು? ಎಣಿಸಿ ಬರೆಯಿರಿ.