ಹಾಲು ಕರೆಯುವ ಯಂತ್ರದ ರಿಪೇರಿ ಕಸುಬು: ಹೊಸ ಗಿರಾಕಿಗಳನ್ನು ಪಡೆಯುವ ಬಗೆ



ಹಾಲು ಕರೆಯುವ ಯಂತ್ರ ಈಗ ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಕರೆಯಲು ಆಳು ಸಿಗದೆ, ಮನೆಯವರ ಕೈ ಸೋತು, ಐದಾರು ಮಿಶ್ರತಳಿ ರಾಸು ಕಟ್ಟಿರುವ ಅನೇಕರು ಸಾಲ ಮಾಡಿಯಾದರೂ ಯಂತ್ರ ತಂದಿದ್ದಾರೆ. ಅದನ್ನು ಸರಿಯಾಗಿ ರಿಪೇರಿ ಮಾಡಬಲ್ಲವರು ಮಾತ್ರ ಕಡಿಮೆ. ಹಾಗಿದ್ದರೂ ಈ ಕೆಲಸ ಕಲಿತು ಬಂದ ಹುಡುಗರ ದೂರು ಒಂದೇ: ಕೈಯಲ್ಲಿ ವಿದ್ಯೆಯಿದೆ, ಗಿರಾಕಿಗಳಿಲ್ಲ. ನೀವು ಅಂಥವರಾಗಿದ್ದರೆ ಅಥವಾ ನಿಮ್ಮ ಮಗನೋ ಮಗಳೋ ಈ ಕಸುಬಿಗೆ ಇಳಿದಿದ್ದರೆ ಮುಂದಿನ ಮಾತುಗಳು ಉಪಯೋಗಕ್ಕೆ ಬಂದಾವು.

ಮೊದಲು ಈ ಕಸುಬಿನ ಸ್ವಭಾವ ತಿಳಿಯಬೇಕು. ಪಂಕ್ಚರ್ ಅಂಗಡಿಗೆ ರಸ್ತೆಯಲ್ಲಿ ಹೋಗುವವರೆಲ್ಲ ಗಿರಾಕಿಗಳು. ನಿಮಗೆ ಹಾಗಲ್ಲ. ಇನ್ನೂರು ಮನೆಯ ಊರಿನಲ್ಲಿ ಯಂತ್ರವಿರುವ ಮನೆ ಎರಡೋ ಮೂರೋ ಇರಬಹುದು. ಅದೂ ಅಲ್ಲದೆ ಯಂತ್ರವನ್ನು ಹಸುವಿನ ಮೇಲೆ ಹಾಕಿ ನೋಡದೆ ಕೆಲಸ ಮುಗಿಯುವುದಿಲ್ಲ. ಆದ್ದರಿಂದ ನಿಮ್ಮ ದಿನದಲ್ಲಿ ನಿಜವಾಗಿ ಬೆಲೆಯುಳ್ಳ ಹೊತ್ತು ಎರಡೇ, ಬೆಳಗಿನ ಕರಾವು ಮತ್ತು ಸಂಜೆಯ ಕರಾವು. ಬೆಟ್ಟದಪುರದಲ್ಲಿ ಒಬ್ಬರು, ಭೇರ್ಯದಲ್ಲಿ ಒಬ್ಬರು, ಸರಗೂರಿನಲ್ಲಿ ಒಬ್ಬರು ಎಂದು ಮೂರು ದಿಕ್ಕಿಗೆ ಮೂವರನ್ನು ಹಿಡಿದರೆ ಮೂರು ಗಿರಾಕಿ ಸಿಕ್ಕಂತೆ ಕಂಡೀತು. ಆದರೆ ಕೂಲಿಯೆಲ್ಲ ಪೆಟ್ರೋಲಿಗೇ ಹೋಗುತ್ತದೆ, ಒಂದು ಕರಾವಿಗೆ ಒಂದೇ ಮನೆಯಾಗುತ್ತದೆ.

ಹಾಗಾಗಿ ನಾಲ್ಕು ತಾಲ್ಲೂಕುಗಳಲ್ಲೂ ಹೆಸರು ಮಾಡುವ ಆಸೆ ಸದ್ಯಕ್ಕೆ ಬಿಡಿ. ಸಂಘಗಳ ಹಾಲು ಒಯ್ಯುವ ಗಾಡಿಯನ್ನು ಗಮನಿಸಿ. ಅದು ಕಂಡ ಕಂಡಲ್ಲಿ ಅಲೆಯುವುದಿಲ್ಲ, ಅದಕ್ಕೊಂದು ಮಾರ್ಗವಿರುತ್ತದೆ. ನೀವೂ ಒಂದು ಮಾರ್ಗವನ್ನು ಆರಿಸಿಕೊಳ್ಳಿ. ಹುಣಸೂರಿನವರಾದರೆ ಕಂಪಲಾಪುರದ ಮೇಲೆ ಪಿರಿಯಾಪಟ್ಟಣದ ಕಡೆಗೋ ಗಾವಡಗೆರೆ ಕಡೆಗೋ ಹೋಗಬಹುದು. ಕೃಷ್ಣರಾಜನಗರದವರಾದರೆ ಮಿರ್ಲೆ, ಸಾಲಿಗ್ರಾಮದ ದಾರಿ. ಕೋಟೆಯವರಾದರೆ ಹಂಪಾಪುರದ ಕಡೆ. ಆ ದಾರಿಯ ಸಂಘಗಳ ಪಟ್ಟಿ ಮಾಡಿ, ಆ ಪಟ್ಟಿ ತುಂಬುವವರೆಗೆ ಬೇರೆ ದಾರಿಗೆ ಗಾಡಿ ತಿರುಗಿಸಬೇಡಿ. ದೂರದಿಂದ ಕರೆ ಬಂದರೆ ಹೋಗಿ, ಆದರೆ ದಾರಿಖರ್ಚನ್ನು ಮೊದಲೇ ತಿಳಿಸಿ.

ಇದು ಹೊಸ ಉಪಾಯವಲ್ಲ. ಮಣಿಭಾಯಿ ದೇಸಾಯಿಯವರು 1967ರಲ್ಲಿ ಪುಣೆ ಬಳಿಯ ಉರುಳಿ ಕಾಂಚನದಲ್ಲಿ ಆರಂಭಿಸಿದ ಬೈಫ್ ಸಂಸ್ಥೆ ಕೃತಕ ಗರ್ಭಧಾರಣೆಯನ್ನು ರೈತರ ಬಳಿಗೆ ಒಯ್ದದ್ದು ಇದೇ ರೀತಿ. ಬೆದೆಗೆ ಬಂದ ಹಸುವನ್ನು ಮೈಲಿಗಟ್ಟಲೆ ಹೊಡೆದುಕೊಂಡು ಕೇಂದ್ರಕ್ಕೆ ಹೋಗಲು ರೈತನಿಗೆ ಪುರುಸೊತ್ತಿರಲಿಲ್ಲ. ಒಬ್ಬ ಕಾರ್ಯಕರ್ತನಿಗೆ ಒಂದಷ್ಟು ಹಳ್ಳಿಗಳ ಗುಂಪನ್ನು ಕೊಟ್ಟು ಮನೆ ಬಾಗಿಲಿಗೇ ಕಳಿಸಿದ್ದರಿಂದ ಆ ಸೇವೆ ಊರಿಂದೂರಿಗೆ ಹಬ್ಬಿತು. ಅದೇ ಊರಿನಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವವನನ್ನು ಜನ ನಂಬುತ್ತಾರೆ.

ಇನ್ನು ಗಿರಾಕಿಗಳು ಎಲ್ಲಿದ್ದಾರೆ? ಹೊಸದಾಗಿ ಯಂತ್ರ ಕೊಳ್ಳುವವರನ್ನೇ ಕಾಯುತ್ತಾ ಕೂರಬೇಡಿ. ಕೊಂಡು ಮೂಲೆಗೆ ಹಾಕಿದವರನ್ನು ಹುಡುಕಿ. ಕೊಟ್ಟಿಗೆಯ ಅಟ್ಟದ ಮೇಲೆ ಗೋಣಿತಾಟು ಹೊದ್ದು ಮಲಗಿದ ಯಂತ್ರಗಳು ಈ ಸೀಮೆಯಲ್ಲಿ ಕಡಿಮೆಯೇನಿಲ್ಲ. ಅವನ್ನು ಮೂಲೆಗೆ ಸೇರಿಸಿದ ಕಾರಣ ಬಹುಪಾಲು ಸಣ್ಣದಾಗಿರುತ್ತದೆ. ರಬ್ಬರ್ ಲೈನರ್ ಸೀಳಿರುತ್ತದೆ, ಪಲ್ಸೇಟರಿನಲ್ಲಿ ಕೊಳೆ ಕೂತಿರುತ್ತದೆ, ಪಂಪಿನ ಬೆಲ್ಟ್ ಸಡಿಲವಾಗಿರುತ್ತದೆ. ಇಲ್ಲವೇ ಮೊದಲ ದಿನ ಸದ್ದಿಗೆ ಬೆದರಿ ಹಸು ಒದ್ದಿರುತ್ತದೆ. ಯಂತ್ರಕ್ಕೆ ಹಣ ಸುರಿದು, ಕೈಯಲ್ಲೇ ಕರೆಯುತ್ತಾ, ಸಾಲದ ಕಂತನ್ನೂ ಕಟ್ಟುತ್ತಿರುವ ಮನೆಯದು. ಅದನ್ನು ಮತ್ತೆ ಓಡುವಂತೆ ಮಾಡಿಕೊಟ್ಟರೆ ಆ ಮನೆಯವರು ನಿಮ್ಮನ್ನು ಮರೆಯುವುದಿಲ್ಲ, ನಾಲ್ಕು ಜನರಿಗೆ ಹೇಳದೆಯೂ ಇರುವುದಿಲ್ಲ.

ಅಂಥ ಮನೆಗಳ ಸುದ್ದಿ ಸಂಘದ ಕಾರ್ಯದರ್ಶಿಗೆ ಗೊತ್ತಿರುತ್ತದೆ. ಹಾಲು ಅಳೆಯುವ ಅವಸರದಲ್ಲಿ ಅವರನ್ನು ಮಾತಾಡಿಸಬೇಡಿ. ಕೆಲಸ ಮುಗಿದ ಮೇಲೆ ಹೋಗಿ ಕೇಳಿ. ಅಪ್ಪಣೆ ಪಡೆದು ಸಂಘದ ಫಲಕದಲ್ಲಿ ನಿಮ್ಮ ಹೆಸರು, ಫೋನ್ ನಂಬರ್, ಆ ಊರಿಗೆ ಬರುವ ವಾರ, ಇಷ್ಟನ್ನು ಮಾತ್ರ ದಪ್ಪಕ್ಷರದಲ್ಲಿ ಬರೆಸಿ. ಗಿರಾಕಿಗೆ ಇಷ್ಟೆಂದು ಕಾರ್ಯದರ್ಶಿಗೆ ಕಮಿಷನ್ ಕೊಡುವ ಪದ್ಧತಿ ಖಂಡಿತ ಬೇಡ. ಇಂದಲ್ಲ ನಾಳೆ ಅದು ಸಭೆಯಲ್ಲಿ ಮಾತಾಗುತ್ತದೆ, ಇಬ್ಬರಿಗೂ ಕೆಟ್ಟ ಹೆಸರು. ವಾರ್ಷಿಕ ಸಭೆಯಲ್ಲಿ ಹತ್ತು ನಿಮಿಷ ಯಂತ್ರ ತೋರಿಸಲು ಅವಕಾಶ ಕೇಳುವುದರಲ್ಲಿ ತಪ್ಪಿಲ್ಲ.

ಎರಡನೆಯವರು ಪಶುವೈದ್ಯರು. ಒಂದೇ ಕೊಟ್ಟಿಗೆಯಲ್ಲಿ ಕೆಚ್ಚಲು ಬಾವು ಮೇಲಿಂದ ಮೇಲೆ ಕಂಡರೆ ಯಂತ್ರದ ಮೇಲೂ ಅನುಮಾನ ಪಡಬೇಕು. ವ್ಯಾಕ್ಯೂಂ ಹೆಚ್ಚಾದರೆ ಮೊಲೆತೊಟ್ಟಿನ ತುದಿ ಗಾಯವಾಗುತ್ತದೆ, ಲೈನರ್ ಬಿರುಕಿನಲ್ಲಿ ರೋಗಾಣು ಮನೆ ಮಾಡುತ್ತದೆ. ಬಕೆಟ್ ಯಂತ್ರಕ್ಕೆ 45ರಿಂದ 50 ಕಿಲೋಪಾಸ್ಕಲ್, ಅಂದರೆ ಹಳೆಯ ಮೀಟರಿನಲ್ಲಿ 13ರಿಂದ 15 ಅಂಗುಲ ಪಾದರಸ ಸಾಕು. ಪಲ್ಸೇಟರ್ ನಿಮಿಷಕ್ಕೆ ಸುಮಾರು 60 ಸಲ ಮಿಡಿಯಬೇಕು. ಲೈನರಿನೊಳಗೆ ಹೆಬ್ಬೆರಳಿಟ್ಟು ಗಡಿಯಾರ ನೋಡಿ ಎಣಿಸಿ ತೋರಿಸಿ. ಗಿರಾಕಿಯೇ ಎಣಿಸಿ ನೋಡಲಿ, ಮುದ್ರಿತ ಕರಪತ್ರಕ್ಕಿಂತ ಅದು ಮನಸ್ಸಿಗೆ ಹತ್ತುತ್ತದೆ. ಆದರೆ ಹಸುವಿಗೆ ಔಷಧಿ ಹೇಳುವ ಗೋಜಿಗೆ ಹೋಗಬೇಡಿ. ಬಾವು ಕಂಡರೆ ವೈದ್ಯರ ಬಳಿಗೆ ಕಳಿಸಿ. ಯಂತ್ರದ ದೋಷವೆನಿಸಿದರೆ ಅವರೂ ನಿಮ್ಮ ಕಡೆಗೆ ಕಳಿಸುತ್ತಾರೆ.

ಇನ್ನೊಂದು ಮಾತು. ಯಂತ್ರದ ರಸೀದಿ ಯಜಮಾನರ ಹೆಸರಿನಲ್ಲಿರುತ್ತದೆ, ಹಾಲು ಕರೆಯುವವರು ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳು. ಯಂತ್ರ ಎಲ್ಲಿ ಕೈ ಕೊಡುತ್ತದೆ ಎಂದು ಅವರನ್ನು ಕೇಳಿ, ತೊಳೆಯುವುದನ್ನೂ ಬಿಚ್ಚುವುದನ್ನೂ ಅವರಿಗೇ ಕಲಿಸಿ. ಮಹಿಳಾ ಸಂಘವಿರುವ ಊರಾದರೆ ನಿಮ್ಮ ಮೊದಲ ಭೇಟಿ ಅಲ್ಲಿಗೇ ಆಗಲಿ.

ಕಾಲವನ್ನೂ ನೋಡಬೇಕು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಬೆಂಕಿ ಬಿದ್ದ ಮೇಲೆ ಯಾರಿಗೂ ನಿಮ್ಮ ಮಾತು ಕೇಳುವ ವ್ಯವಧಾನವಿರುವುದಿಲ್ಲ. ಆದರೆ ಕೈಯಲ್ಲಿ ಕರೆಯಲು ಜನ ಸಾಲದ ಕಾಲವೂ ಅದೇ. ಆದ್ದರಿಂದ ಹದ ಮಾಡುವ ಕೆಲಸ ಶುರುವಾಗುವ ಮುನ್ನವೇ ಯಂತ್ರಗಳನ್ನು ಸರಿಮಾಡಿ ಕೊಡಿ. ಪಂಪು ಬದಲಿಸುವಂಥ ದೊಡ್ಡ ಖರ್ಚಿನ ಮಾತನ್ನು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಕಟ್ಟೆಗಳಲ್ಲಿ ಸೊಪ್ಪು ಮಾರಿ ಹಣ ಬಂದ ಮೇಲೆ ಎತ್ತಿ. ಕೃಷ್ಣರಾಜನಗರದ ನಾಲೆ ಸೀಮೆಯಲ್ಲಿ ನಾಟಿ ಮತ್ತು ಭತ್ತದ ಕೊಯ್ಲಿನ ನಡುವಿನ ಬಿಡುವು ಅನುಕೂಲ. ಚುಂಚನಕಟ್ಟೆ ದನಗಳ ಜಾತ್ರೆಯಲ್ಲಿ ಅಂಗಡಿ ಹಾಕಿದರೆ ಹೇಗೆ ಎಂದು ಕೆಲವರಿಗೆ ಅನ್ನಿಸಬಹುದು. ಅಲ್ಲಿಗೆ ಬರುವವರ ಕಣ್ಣು ಹಳ್ಳಿಕಾರ್ ಎತ್ತುಗಳ ಮೇಲೆ, ನಿಮ್ಮ ಲೈನರಿನ ಮೇಲಲ್ಲ. ಎಚ್.ಡಿ.ಕೋಟೆಯ ಕಾಡಂಚಿನ ಊರುಗಳಿಗೆ ಬೆಳಗಿನ ಕರಾವಿನ ಗಿರಾಕಿಗಳನ್ನಷ್ಟೇ ಒಪ್ಪಿಕೊಳ್ಳಿ, ಅದೂ ಬೆಳಕು ಹರಿದ ಮೇಲೆ ತಲುಪುವಂತೆ. ಆನೆ ಓಡಾಡುವ ದಾರಿಯಲ್ಲಿ ಸಂಜೆ ಕರಾವು ಮುಗಿಸಿ ಕತ್ತಲಲ್ಲಿ ಮರಳುವುದು ಯಾವ ಕೂಲಿಗೂ ಬೇಡ.

ಕೊನೆಯದಾಗಿ ತಾರೀಖಿನ ಪುಸ್ತಕ. ಲೈನರ್ ಸುಮಾರು 2,500 ಕರಾವಿಗೆ ಸವೆಯುತ್ತದೆ. ಒಂದೇ ಕ್ಲಸ್ಟರಿನಲ್ಲಿ ಹತ್ತು ಹಸುವನ್ನು ಎರಡು ಹೊತ್ತು ಕರೆದರೆ ದಿನಕ್ಕೆ 20 ಕರಾವು, 125 ದಿನಕ್ಕೆ ಆಯುಷ್ಯ ಮುಗಿಯಿತು. ಎರಡೇ ಹಸುವಿದ್ದರೂ ರಬ್ಬರ್ ತಾನಾಗಿ ಹಳಸುವುದರಿಂದ ಆರು ತಿಂಗಳಿಗೊಮ್ಮೆ ಬದಲಿಸುವುದು ಕ್ಷೇಮ. ಪ್ರತಿ ಮನೆಯ ಹಸುಗಳ ಸಂಖ್ಯೆ, ಲೈನರ್ ಹಾಕಿದ ದಿನ, ಮುಂದಿನ ದಿನ ಬರೆದಿಡಿ. ಆ ದಿನಕ್ಕೆ ಒಂದು ವಾರ ಮೊದಲು ಫೋನ್ ಮಾಡಿ, ಬಟವಾಡೆಯ ಮರುದಿನ ಹೋಗುವಂತೆ ಹೊಂದಿಸಿ. ಹೋದಾಗ ಅದೇ ಬೀದಿಯಲ್ಲಿ ಇನ್ನಾರ ಮನೆಯಲ್ಲಿ ಯಂತ್ರವಿದೆ ಎಂದು ಕೇಳಿ, ಅವರ ಹೆಸರನ್ನೂ ಅದೇ ಪುಟದ ಕೆಳಗೆ ಬರೆದುಕೊಳ್ಳಿ. ಮುಂದಿನ ದಿನಾಂಕವನ್ನು ಒಂದು ರಟ್ಟಿನ ಮೇಲೆ ಬರೆದು, ಕೊಟ್ಟಿಗೆಯಲ್ಲಿ ಹಸುವಿನ ನಾಲಿಗೆಗೆ ಎಟುಕದಷ್ಟು ಎತ್ತರದಲ್ಲಿ ತೂಗುಹಾಕಿ ಬನ್ನಿ.